ಹಂಡ, ಕೆಂದ ಮತ್ತು ಒಂಬೈನೂರು ಮುಯ್ಯಾಳು

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದಲ್ಲ. ಅವಾದರೆ ಬುದ್ಧಿ ಹೇಳಿ ಬಿಡಿಸಲು ಜನರಿದ್ದಾರೆ. ನನ್ನದು ಉದಾಹರಣೆ ಕೊಡುವ ಚಟ. ಎಂಥ ಕಠಿಣ ವಿಷಯವನ್ನಾದರೂ ಎದುರಿಗಿದ್ದವರಿಗೆ ಗೊತ್ತಿರುವ ಯಾವುದೋ ಒಂದಕ್ಕೆ ಗಂಟು ಹಾಕಿ ಹೇಳಿ, ಅವರ ಮುಖದ ಮೇಲೆ ‘ಓಹೋ’ ಮೂಡಿದ್ದನ್ನು ನೋಡಿದರೇ ನನಗೆ ಅಂದಿನ ಊಟ ರುಚಿಸುವುದು. ದೇವದುರ್ಗದ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿರುವ ನಾನು, ವಿದ್ಯುತ್ ಪ್ರವಾಹವೆಂದರೆ ರಾಯಚೂರು–ದೇವದುರ್ಗದ ಬಸ್ಸು, ಎಲೆಕ್ಟ್ರಾನುಗಳೆಂದರೆ ಅದರೊಳಗಿನ ಪ್ರಯಾಣಿಕರು, ರೋಧವೆಂದರೆ ಗಬ್ಬೂರಿನ ಹತ್ತಿರ ರಸ್ತೆಗೆ ಅಡ್ಡ ನಿಲ್ಲುವ ಎಮ್ಮೆ ಎಂದು ಹೇಳಿಕೊಂಡು ಬಂದವನು. ಒಂದು ವರ್ಷ ಪರೀಕ್ಷೆಯಲ್ಲಿ ವಿದ್ಯುತ್ ಮಂಡಲದ ಚಿತ್ರ ಬರೆಯಿರಿ ಎಂದರೆ ಒಬ್ಬ ವಿದ್ಯಾರ್ಥಿನಿ ಬ್ಯಾಟರಿ, ತಂತಿ, ಬಲ್ಬು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು, ರೋಧಕವಿರಬೇಕಾದ ಜಾಗದಲ್ಲಿ ಕೊಂಬು, ಬಾಲ ಸಮೇತ ಒಂದು ಎಮ್ಮೆಯನ್ನು ನಿಲ್ಲಿಸಿ, ಅದರ ಹೊಟ್ಟೆಯ ಮೇಲೆ ‘ಹತ್ತು ಓಮ್’ ಎಂದು ಬರೆದಿದ್ದಳು. ನಾನು ಪೂರ್ತಿ ಅಂಕ ಕೊಟ್ಟೆ. ಎಮ್ಮೆ ಬಹಳ ಚೆನ್ನಾಗಿ ಬಂದಿತ್ತು.

ಈ ಚಟವೇ ಹೋದ ವರ್ಷ ನನ್ನನ್ನು ಮಾನ್ವಿ ಕಡೆಯ ಒಂದು ಹತ್ತಿ ಹೊಲದಲ್ಲಿ, ಹೆಂಡತಿಯ ಹಳೆಯ ಸೀರೆಯನ್ನು ಸೊಂಟಕ್ಕೆ ಹತ್ತಿ ತುಂಬಿಕೊಳ್ಳುವ ಉಡಿಯಾಗಿ ಕಟ್ಟಿಸಿ, ಇಡೀ ಕಾಲೇಜಿನೆದುರು ನಿಲ್ಲಿಸಿತು. ಮೊದಲಿನಿಂದಲೇ ಹೇಳಿಬಿಡುತ್ತೇನೆ, ನಡುವಿನಿಂದ ಹೇಳಿದರೆ ನನ್ನ ಮಾನ ಇನ್ನಷ್ಟು ಹೋಗುತ್ತದೆ.

ಜಗತ್ತಿನಲ್ಲಿ ಕೆಲವು ವಿಜ್ಞಾನಿಗಳಿದ್ದಾರೆ. ಅವರ ಲೆಕ್ಕ ಎಷ್ಟು ದೊಡ್ಡದೆಂದರೆ ಅವರ ಹತ್ತಿರವಿರುವ ಕಂಪ್ಯೂಟರುಗಳಿಗೆ ಅದು ಮುಗಿಯುವುದಿಲ್ಲ. ಅದಕ್ಕೆ ಅವರು ಆ ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡಿ, ‘ಪುಣ್ಯಾತ್ಮರೇ, ನಿಮ್ಮ ಕಂಪ್ಯೂಟರು ಸುಮ್ಮನೆ ಕೂತಿದ್ದಾಗ ಒಂದೊಂದು ತುಂಡು ಮಾಡಿಕೊಡಿ’ ಎಂದು ಲೋಕದ ಜನರನ್ನು ಕೇಳುತ್ತಾರೆ. ನಾವು ಅವರ ಸಾಫ್ಟ್‌ವೇರನ್ನು ಹಾಕಿಕೊಂಡರೆ ಸಾಕು. ಅದೇ ತುಂಡು ತರುತ್ತದೆ, ಲೆಕ್ಕ ಮಾಡುತ್ತದೆ, ಉತ್ತರ ಕಳಿಸುತ್ತದೆ, ಮತ್ತೊಂದು ತರುತ್ತದೆ. ಪ್ರತಿಫಲವಾಗಿ ನಮ್ಮ ಹೆಸರಿನ ಮುಂದೆ ಒಂದಷ್ಟು ಅಂಕಗಳು ಬೀಳುತ್ತವೆ. ಆ ಅಂಕಗಳಿಗೆ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಕಪ್ ಚಹಾ ಕೂಡ ಹುಟ್ಟುವುದಿಲ್ಲ. ಇದನ್ನು ನನ್ನ ತಲೆಗೆ ಹಾಕಿದವರು ನಮ್ಮ ಕೆಮಿಸ್ಟ್ರಿಯ ಖಾದರ್ ಸಾಹೇಬರು. ನಾವಿಬ್ಬರೂ ದಿನಾ ರಾಯಚೂರಿನಿಂದ ದೇವದುರ್ಗಕ್ಕೆ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋಗುವವರು. ಅವರು ತಮ್ಮ ಅಂಕ ತೋರಿಸಿದ ದಿನವೇ ಮನೆಗೆ ಬಂದು ನಾನೂ ಸೇರಿಕೊಂಡೆ. ನನ್ನ ಪಾಲಿಗೆ ಬಂದದ್ದು ಪ್ರೊಟೀನು ಹೇಗೆ ಮಡಚಿಕೊಳ್ಳುತ್ತದೆ ಎಂದು ನೋಡುವ ಲೆಕ್ಕ. ಇದನ್ನು ಕೇಳಿ ನನ್ನ ಹೆಂಡತಿ ಶಾರದಾ, “ಹದಿನೈದು ವರ್ಷದಾಗ ಒಂದು ದಿನಾನೂ ಹಾಸಿಗಿ ಮಡಚಿಲ್ಲ. ಈಗ ಪ್ರೊಟೀನು ಮಡಚಾಕ ಹೊಂಟಾರ” ಎಂದಳು.

ಮೊದಲು ಮನೆಯ ಲ್ಯಾಪ್‌ಟಾಪಿನ ಮೇಲೆಯೇ ಮಾಡಿದೆ. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಮನುಷ್ಯರೇ ಲೆಕ್ಕ ತಪ್ಪುತ್ತಾರೆ, ಲ್ಯಾಪ್‌ಟಾಪಿನ ಪಾಡೇನು? ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಹೊಯ್ಕೊಳ್ಳತೊಡಗಿತು. ಮೂರನೆಯ ದಿನ ನೋಡುತ್ತೇನೆ, ಶಾರದಾ ಬಿಸಿಗಾಳಿ ಬರುವ ಬದಿಗೆ ಒಂದು ತಟ್ಟೆಯಲ್ಲಿ ಸಂಡಿಗೆ ಇಟ್ಟಿದ್ದಾಳೆ. “ಹೆಂಗೂ ಉರಿಯಾಕತ್ತದ, ಮನಿಗಾದ್ರೂ ಉಪಯೋಗ ಆಗಲಿ” ಎಂಬ ವಾದ. ಅದರ ಮೇಲೆ ಕರೆಂಟು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳ ಪಕ್ಕದಲ್ಲೇ ಇದ್ದೂ ನಮ್ಮ ಓಣಿಗೆ ಮಧ್ಯಾಹ್ನ ಕರೆಂಟು ಇರುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಮುಕ್ಕಾಲು ಮಡಚಿದ ಪ್ರೊಟೀನು ಅಲ್ಲಿಗೇ ಬಿಚ್ಚಿಕೊಂಡು ಹೋಗುತ್ತಿತ್ತು.

ಆಗ ಖಾದರ್ ಸಾಹೇಬರೇ ಕ್ಲೌಡಿನ ದಾರಿ ತೋರಿಸಿದರು. ಎಲ್ಲೋ ಒಂದು ಊರಿನಲ್ಲಿ ಕಂಪ್ಯೂಟರುಗಳೇ ತುಂಬಿದ ದೊಡ್ಡ ಕಟ್ಟಡವಿರುತ್ತದೆ. ಅಲ್ಲಿ ಒಂದೇ ದೊಡ್ಡ ಯಂತ್ರವನ್ನು ಹತ್ತಾರು ಪಾಲು ಮಾಡಿ, ಒಂದೊಂದು ಪಾಲನ್ನೂ ಒಂದೊಂದು ಪೂರ್ತಿ ಕಂಪ್ಯೂಟರು ಎಂಬಂತೆ ಜನರಿಗೆ ಬಳಸಲು ಕೊಡುತ್ತಾರೆ. ಅದಕ್ಕೆ ವರ್ಚುವಲ್ ಮಷೀನು ಎಂದು ಹೆಸರು. ಮುಟ್ಟಲು ಆಗುವುದಿಲ್ಲ, ಸಂಡಿಗೆ ಒಣಗಿಸಲು ಆಗುವುದಿಲ್ಲ. ಕೆಲಸ ಮಾತ್ರ ಆಗುತ್ತದೆ. ಕಲಿತುಕೊಳ್ಳಲಿ ಎಂದು ಶಿಕ್ಷಕರಿಗೆ ಒಂದು ವರ್ಷ ಎರಡು ಸಣ್ಣ ಯಂತ್ರ ಪುಗಸಟ್ಟೆ ಕೊಡುವ ಯೋಜನೆಯೊಂದಿತ್ತು. ಅರ್ಜಿ ತುಂಬಿದೆ, ಸಿಕ್ಕವು. ‘ಯಂತ್ರಕ್ಕೆ ಒಂದು ಹೆಸರು ಕೊಡಿ’ ಎಂದು ಪರದೆಯ ಮೇಲೆ ಬಂತು. ತಿಳಿದವರು ಅಲ್ಲಿ ಸಂಖ್ಯೆ ಹಾಕುತ್ತಾರಂತೆ. ನಾನು ನಮ್ಮಪ್ಪನ ಕಾಲದಲ್ಲಿ ಮನೆಯಲ್ಲಿದ್ದ ಜೋಡೆತ್ತಿನ ಹೆಸರಿಟ್ಟೆ: ಹಂಡ, ಕೆಂದ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ‘ಹಂಡ ಚಾಲ್ತಿಯಲ್ಲಿದೆ, ಕೆಂದ ಚಾಲ್ತಿಯಲ್ಲಿದೆ’ ಎಂದು ನೋಡಿದರೆ ದನದ ಕೊಟ್ಟಿಗೆಗೆ ಹೋಗಿ ಬೆನ್ನು ಸವರಿ ಬಂದಷ್ಟು ಸಮಾಧಾನವಾಗುತ್ತಿತ್ತು. ಜೂನ್ ಕೊನೆಗೆ ಖಾದರ್ ಸಾಹೇಬರ ಅಂಕಗಳನ್ನು ದಾಟಿದೆ. ಅಂದು ಅವರು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ಏನೂ ತೊಂದರೆ ಇರಲಿಲ್ಲ. ಆದರೆ ಅಷ್ಟರಲ್ಲಿ ನನ್ನ ಅತ್ತೆ ಈರಮ್ಮನವರು ಕನ್ನಡಕ ಮಾಡಿಸಿಕೊಳ್ಳಲು ಮಾನ್ವಿ ಕಡೆಯ ತಮ್ಮ ಊರಿನಿಂದ ನಮ್ಮ ಮನೆಗೆ ಬಂದರು. ಮೂರೆಕರೆ ಎರೆ ಹೊಲವನ್ನು ಒಬ್ಬರೇ ನಿಂತು ಮಾಡಿಸುವ ಹೆಣ್ಣುಮಗಳು. ಮದುವೆಯಾದಾಗಿನಿಂದ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾರೆ; ಆದರೆ ಆ ಬಹುವಚನದ ಒಳಗೆ ಏನೂ ಇರುವುದಿಲ್ಲ. ಹಗ್ಗ ಬಿಗಿಯಲು ಬಾರದ, ಟ್ರ್ಯಾಕ್ಟರು ಹಿಂದೆ ಬಂದರೆ ಹೆದರಿ ಬದುವಿಗೆ ಹಾರುವ ಅಳಿಯನಿಗೆ ಎಷ್ಟು ಗೌರವ ಕೊಡಬಹುದೋ ಅಷ್ಟನ್ನೇ ಅಳೆದು ಕೊಡುತ್ತಿದ್ದರು. ಒಂದು ಮುಂಜಾನೆ ನಾನು ಮೊಬೈಲು ನೋಡಿ, “ಅಯ್ಯೋ, ಹಂಡ ನಿಂತುಬಿಟ್ಟದ! ಕೆಂದ ಒಂದೇ ಎಳಿಯಾಕತ್ತದ” ಎಂದದ್ದು ಅವರ ಕಿವಿಗೆ ಬಿತ್ತು.

“ಎತ್ತು ಯಾವಾಗ ತಗೊಂಡ್ರಿ ಅಳಿಯಾರ?” ಎಂದರು.

“ಎತ್ತಲ್ರೀ ಅತ್ತಿ, ಕಂಪ್ಯೂಟರ್. ಬ್ಯಾರೆ ಊರಾಗ ಅದಾವ. ಇಲ್ಲಿಂದನ ಕೆಲಸ ಹೇಳ್ತೀನಿ.”

“ಯಾರ ಕೆಲಸ?”

“ಪರದೇಶದ ವಿಜ್ಞಾನಿಗಳದ್ದು.”

“ಅವರು ನಿಮಗ ಏನು ಕೊಡ್ತಾರ?”

ಅಡುಗೆಮನೆಯಲ್ಲಿ ಶಾರದಾಳ ಲಟ್ಟಣಿಗೆ ನಿಂತಿತು. ‘ಏನೂ ಕೊಡುವುದಿಲ್ಲ’ ಎಂಬುದು ಸತ್ಯವಾದ ಉತ್ತರ. ಅದನ್ನು ಹೇಳಿದ್ದರೆ ಬಹುವಚನವೂ ಹೋಗುತ್ತಿತ್ತು. ಆಗ ನನ್ನ ಚಟ ಬಾಯಿಗೆ ಬಂತು. “ಮುಯ್ಯಾಳು ಇದ್ದಂಗ್ರೀ ಅತ್ತಿ. ಫುರಸತ್ತು ಇದ್ದಾಗ ನಾವು ಅವರ ಕೆಲಸಕ್ಕ ಹೋಗತೀವಿ. ನಾಳಿ ನಮ್ಮ ಕೆಲಸ ಬಂತಂದ್ರ ಅವರು ಬರ್ತಾರ.”

ಮುಯ್ಯಾಳು ನಮ್ಮ ಕಡೆ ಇನ್ನೂ ಇದೆ. ಇಂದು ನಾನು ನಿನ್ನ ಹೊಲಕ್ಕೆ ಒಂದು ದಿನ ದುಡಿದರೆ ನಾಳೆ ನೀನು ನನ್ನ ಹೊಲಕ್ಕೆ ಒಂದು ದಿನ ಬರಬೇಕು, ಕೂಲಿಯ ಮಾತಿಲ್ಲ. ಉದಾಹರಣೆ ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೇ ಮೈ ಜುಮ್ಮೆಂದಿತು. ಆ ಕೊನೆಯ ವಾಕ್ಯವೊಂದು ಬೇಡವಾಗಿತ್ತು, ಆದರೆ ಅತ್ತೆಯವರ ಮುಖದ ಮೇಲೆ ‘ಓಹೋ’ ಮೂಡಿಬಿಟ್ಟಿತ್ತು. ಅವರು ಹೊಸ ಕನ್ನಡಕವನ್ನು ಏರಿಸಿ ನನ್ನನ್ನು ಮೊದಲ ಸಲ ಪೂರ್ತಿಯಾಗಿ ನೋಡಿದರು. ಅಂದು ರಾತ್ರಿ ಊಟದಲ್ಲಿ ನನ್ನ ರೊಟ್ಟಿಗೆ ತುಪ್ಪ ಹಾಕಿದವರು ಅವರೇ. ಹಂಡ, ಕೆಂದ ಎಷ್ಟು ದಿನದಿಂದ ಕೆಲಸಕ್ಕೆ ಹೋಗುತ್ತಿವೆ, ಹಗಲಷ್ಟೇಯೋ ರಾತ್ರಿಯೂ ಉಂಟೋ, ನಡುವೆ ರಜೆ ಇದೆಯೋ ಎಂದೆಲ್ಲ ಸಹಜವಾಗಿ ಕೇಳಿದರು. ನಾನೂ ಹೆಮ್ಮೆಯಿಂದ ‘ಹಗಲೂ ರಾತ್ರಿ, ರಜೆಯೇ ಇಲ್ಲ’ ಎಂದು ಹೇಳಿದೆ.

ನವೆಂಬರಿನ ಒಂದು ಬುಧವಾರ ಅವರ ಫೋನು ಬಂತು. “ಅಳಿಯಾರ, ಹತ್ತಿ ಒಡದು ಹೊಲ ಬೆಳ್ಳಗಾಗ್ಯದ. ಸೋಮವಾರದಿಂದ ಮಳಿ ಅಂತ ಟೀವ್ಯಾಗ ಅನ್ನಾಕತ್ಯಾರ. ಕೂಲಿಗೆ ಹತ್ತಿ ಬಿಡಸೋ ದೇವಮ್ಮನ ಗುಂಪು ಐತಾರ ಬರ್ತೀವಿ ಅಂದಿತ್ತು. ಬ್ಯಾಡವ್ವಾ, ನಮ್ಮ ಅಳಿಯಾರ ಮುಯ್ಯಾಳು ಬರ್ತಾರ ಅಂದೀನಿ. ಮಂದಿ ಕಳಸ್ರಿ.”

ಒಡೆದ ಹತ್ತಿಯ ಮೇಲೆ ಮಳೆ ಬಿದ್ದರೆ ಅದು ಕಪ್ಪಿಟ್ಟು ಯಾರಿಗೂ ಬೇಡವಾಗುತ್ತದೆ. ಆರು ತಿಂಗಳ ಅವರ ದುಡಿಮೆ ನನ್ನ ಒಂದು ಉದಾಹರಣೆಯ ಮೇಲೆ ನಿಂತಿತ್ತು. “ಅತ್ತಿ, ಅವು ಯಂತ್ರ ಅದಾವ್ರೀ. ಹತ್ತಿ ಬಿಡಸಾಕ ಬರಂಗಿಲ್ಲ” ಎಂದೆ.

“ಯಂತ್ರ ಅಂತ ನನಗ ಗೊತ್ತದ. ಎತ್ತರೇ ಹತ್ತಿ ಬಿಡಸ್ತಾವೇನು? ನಾ ಎತ್ತು ಮುಯ್ಯಿಗೆ ಕೊಟ್ರ ಎತ್ತು ಬರಂಗಿಲ್ಲ, ಆಳು ಬರ್ತಾವ. ಜೋಡೆತ್ತಿಗೆ ದಿನಕ್ಕ ಮೂರು ಆಳು, ನಮ್ಮೂರ ಪದ್ಧತಿ.”

“ಅವರು ಬಾಳ ದೂರ ಅದಾರ್ರೀ ಅತ್ತಿ.”

“ಹಂಗಾರ ನಡುವ ನಿಂತು ಎತ್ತು ಕೊಡಿಸಿದವರು ಯಾರು? ಆಳು ಕಳಸೋದೂ ಅವರದ ಕೆಲಸ.”

ಅವರೇ ಬೆರಳ ಗೆಣ್ಣಿನ ಮೇಲೆ ಲೆಕ್ಕ ಮಾಡಿದರು. “ಐದು ತಿಂಗಳಾತು. ನೂರಾ ಐವತ್ತು ದಿನಕ್ಕ ನಾಕನೂರಾ ಐವತ್ತು ಆಳು. ಹಗಲೂ ರಾತ್ರಿ ಅಂದ್ರಿ, ಹಂಗಾರ ಒಂಬೈನೂರು. ಒಮ್ಮಿಗೇ ಅಷ್ಟು ಮಂದಿಗೆ ರೊಟ್ಟಿ ಬಡಿಯಾಕ ನನಗೂ ಆಗಂಗಿಲ್ಲ. ಹತ್ತು ಮಂದಿ ಸಾಕು. ಉಳಿದದ್ದು ಮುಂದ ನೋಡಿದ್ರಾತು.” ಎಂ.ಎಸ್ಸಿ. ಮಾಡಿದ ನಾನು ಈ ಲೆಕ್ಕದಲ್ಲಿ ತಪ್ಪು ಹುಡುಕಲು ಎರಡು ದಿನ ಒದ್ದಾಡಿದೆ. ತಪ್ಪು ಇರಲೇ ಇಲ್ಲ.

ಹತಾಶೆಯಲ್ಲಿ ಮನುಷ್ಯ ಏನೇನು ಮಾಡುತ್ತಾನೆ ನೋಡಿ. ಆ ಸಾಫ್ಟ್‌ವೇರು ಬಳಸುವ ಲೋಕದ ಜನರೆಲ್ಲ ಮಾತಾಡಿಕೊಳ್ಳುವ ಒಂದು ಜಾಲತಾಣವಿದೆ. ಅಲ್ಲಿ ಇಂಗ್ಲಿಷಿನಲ್ಲಿ, ‘ಮಾನ್ವಿಯ ಸುತ್ತಮುತ್ತ ಯಾರಾದರೂ ಸ್ವಯಂಸೇವಕರಿದ್ದರೆ ಭಾನುವಾರ ಹತ್ತಿ ಬಿಡಿಸಲು ಬರಬಹುದೇ, ಊಟವಿದೆ’ ಎಂದು ಬರೆದೆ. ಯಾವುದೋ ಹಿಮದ ದೇಶದವನು ಶುಭಾಶಯ ಕೋರಿದ. ಇನ್ನೊಬ್ಬ, ಹತ್ತಿಗೆ ಗ್ರಾಫಿಕ್ಸ್ ಕಾರ್ಡು ಬೇಕೇ ಎಂದು ಕೇಳಿದ. ಮೂರನೆಯವನು, ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ ಎಂದ.

ಕಡೆಗೆ ಖಾದರ್ ಸಾಹೇಬರ ಕಾಲಿಗೆ ಬಿದ್ದೆ. ಅವರು ಎಲ್ಲವನ್ನೂ ಕೇಳಿ, ಗಬ್ಬೂರು ದಾಟುವವರೆಗೂ ನಕ್ಕು, ಕಣ್ಣು ಒರೆಸಿಕೊಂಡು ಹೇಳಿದರು: “ವೀರೇಶ ಸಾಬ್, ಕೆಲಸ ಅಂದ್ರ ನಮ್ಮ ಸ್ಟಾಫ್‌ರೂಮಿನಾಗ ಒಬ್ಬರೂ ಏಳಂಗಿಲ್ಲ. ಹೊಲದಾಗ ಊಟ ಅದ ಅನ್ರಿ. ರಜಾ ಹಾಕಿದವರೂ ಬರ್ತಾರ.”

ಮಾತು ನಿಜವಾಯಿತು. ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಿನ್ನುವುದೆಂದರೆ ನಮ್ಮ ಕಡೆ ಯಾರೂ ಬೇಡವೆನ್ನುವುದಿಲ್ಲ. ಪ್ರಿನ್ಸಿಪಾಲರು ಸೇರಿ ಒಂಬತ್ತು ಜನ ಹೊರಟರು, ನಾನು ಹತ್ತನೆಯವನು. ಪ್ರಿನ್ಸಿಪಾಲರು ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ತಂಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಇಂಗ್ಲಿಷಿನ ಮೇಡಂ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳಲೆಂದೇ ಹೊಸ ಇಳಕಲ್ ಸೀರೆ ಉಟ್ಟಿದ್ದರು. ದಾರಿಯುದ್ದಕ್ಕೂ ಅವರೆಲ್ಲ ಹಾಡು ಹೇಳಿದರು, ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ.

ಬದುವಿನ ಮೇಲೆ ಅತ್ತೆಯವರು ಹತ್ತು ಹಳೆಯ ಸೀರೆ ಮಡಚಿಟ್ಟುಕೊಂಡು ನಿಂತಿದ್ದರು. ತಲೆ ಎಣಿಸಿದರು. “ಬರ್ರಿ, ಬರ್ರಿ. ಉಡಿ ಕಟಗೊಳ್ರಿ” ಎಂದು ಒಬ್ಬೊಬ್ಬರಿಗೂ ಒಂದೊಂದು ಸೀರೆ ಕೊಟ್ಟರು. ಪ್ರಿನ್ಸಿಪಾಲರು ಇದು ಊಟಕ್ಕೆ ಮುಂಚಿನ ಯಾವುದೋ ಸತ್ಕಾರವೆಂದುಕೊಂಡು ಸೀರೆಯನ್ನು ಹೆಗಲ ಮೇಲೆ ಶಾಲಿನಂತೆ ಹೊದ್ದು ಕೈಮುಗಿದರು. “ಊಟ ಎಲ್ಲಿ ಅದವ್ವಾ?” ಎಂದು ಕೇಳಿದರು. ಅತ್ತೆಯವರು ಸಾಲಿನ ಆ ತುದಿ ತೋರಿಸಿದರು. ಅಲ್ಲಿ, ಹೊಲದ ಆಚೆ ಕಡೆಯ ಬೇವಿನ ಮರದ ಕೆಳಗೆ, ಬುಟ್ಟಿಗಳು ಕಾಣುತ್ತಿದ್ದವು. “ಒಬ್ಬೊಬ್ಬರು ಒಂದೊಂದು ಸಾಲು ಹಿಡೀರಿ. ಬಿಡಿಸಿಕೋತ ಹೋದ್ರ ಊಟದ ಕಡೀನ ಮುಟ್ಟತೀರಿ.”

ಒಂಬತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ನನ್ನ ಪಾಲಿಗೆ ಬಂದದ್ದು ಶಾರದಾ ತವರಿನಲ್ಲಿ ಬಿಟ್ಟಿದ್ದ ಹಳೆಯ ಸೀರೆ. ನಾನು ಬೇಗ ಬೇಗ ಅದನ್ನು ಸೊಂಟಕ್ಕೆ ಸುತ್ತಿಕೊಂಡು ಮೊದಲನೆಯ ಸಾಲಿಗೆ ನುಗ್ಗಿದೆ. ಹತ್ತಿ ಬಿಡಿಸುವುದು ದೂರದಿಂದ ಬಹಳ ಸುಲಭದ ಕೆಲಸ. ಹತ್ತಿರ ಹೋದರೆ ಒಡೆದ ಕಾಯಿಯ ಒಣ ತುದಿಗಳು ಉಗುರಿನ ಸಂದಿಗೇ ಚುಚ್ಚುತ್ತವೆ. ಹತ್ತಿಗಿಂತ ಮೊದಲು ಒಣಗಿದ ಎಲೆಯ ಪುಡಿ ಕೈಗೆ ಬರುತ್ತದೆ. ಇಂಗ್ಲಿಷಿನ ಮೇಡಂ ಒಂದು ಕಾಯಿ ಬಿಡಿಸಿದರೆ ಮೂರು ಫೋಟೋ. ಖಾದರ್ ಸಾಹೇಬರು ಮಾತ್ರ ಹಲ್ಲುಕಚ್ಚಿ ನನ್ನನ್ನು ದಾಟಲು ನೋಡುತ್ತಿದ್ದರು, ಅಂಕದ ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಅತ್ತೆಯವರು ನಮ್ಮ ಹಿಂದೆಯೇ ಬರುತ್ತ ನಾವು ಬಿಟ್ಟದ್ದನ್ನು ಬಿಡಿಸುತ್ತ, ಉಡಿಗೆ ಕೈಹಾಕಿ ನೋಡಿ, “ಇದು ಹತ್ತಿ ಅಲ್ರೀ ಸರ, ಕಸ” ಎಂದು ಪ್ರಿನ್ಸಿಪಾಲರಿಗೇ ಹೇಳಿದರು. ನಮ್ಮ ಕಾಲೇಜಿನಲ್ಲಿ ಅಷ್ಟು ನೇರವಾಗಿ ಅವರಿಗೆ ಯಾರೂ ಮಾತಾಡಿದ್ದಿಲ್ಲ. ಅವರು ತಲೆ ತಗ್ಗಿಸಿ ಎಲೆಯ ಪುಡಿ ಆರಿಸತೊಡಗಿದರು.

ಹನ್ನೆರಡು ದಾಟಿದರೂ ಹೊಲದ ಕಾಲು ಭಾಗ ಮುಗಿದಿರಲಿಲ್ಲ. ಅಷ್ಟರಲ್ಲಿ ಮೂಡಣ ದಿಕ್ಕು ಕಪ್ಪಾಯಿತು. ಟೀವಿಯವರು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ತಂಪು ಗಾಳಿ ಬೀಸಿತು. ಅತ್ತೆಯವರು ಒಮ್ಮೆ ಆಕಾಶ ನೋಡಿದರು, ಒಮ್ಮೆ ಹೊಲ ನೋಡಿದರು, ಮತ್ತೆ ನಾನು ಬಿಟ್ಟ ಕಾಯಿಗಳನ್ನೇ ಬಿಡಿಸತೊಡಗಿದರು. ನನಗೆ ನಿಜವಾಗಿ ಸಂಕಟವಾಯಿತು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ತುಪ್ಪ ಹಾಕಿಸಿಕೊಂಡು ತಿಂದ ಬಾಯಿ ಇದು ಎಂದು ನನ್ನನ್ನು ನಾನೇ ಬೈದುಕೊಂಡೆ. ಪಕ್ಕದ ಹೊಲದಲ್ಲಿ ದೇವಮ್ಮನ ಗುಂಪಿನ ಹನ್ನೆರಡು ಹೆಂಗಸರು ಕೆಲಸ ಮುಗಿಸಿ ಬದುವಿನ ಮೇಲೆ ನಿಂತು ನಮ್ಮನ್ನು ನೋಡಿ ನಗುತ್ತಿದ್ದರು. ನಾನು ಉಡಿ ಹಿಡಿದುಕೊಂಡೇ ಅವರ ಹತ್ತಿರ ಓಡಿದೆ.

“ದೇವಮ್ಮಾ, ತಪ್ಪಾತವ್ವಾ. ಯಾವ ಮುಯ್ಯಾಳೂ ಇಲ್ಲ, ಏನೂ ಇಲ್ಲ. ಅತ್ತಿ ಮುಂದ ದೊಡ್ಡಸ್ತಿಕಿ ಹೇಳಾಕ ಹೋಗಿ ಹಿಂಗಾತು. ಅವರ ಹತ್ತಿ ಉಳಿಸ್ರಿ.”

ದೇವಮ್ಮ ನಗುವುದನ್ನು ನಿಲ್ಲಿಸಲಿಲ್ಲ. “ಅಕಿಗೆ ಗೊತ್ತಿಲ್ಲೇನ್ರೀ ಸರ? ಬುಧವಾರನ ನಮಗ ಹೇಳ್ಯಾಳ. ಮುಂಜಾನಿ ಆಚಿ ಹೊಲ ಮುಗಿಸಿ ಮಧ್ಯಾಹ್ನ ನಮ್ಮ ಹೊಲಕ್ಕ ಬರ್ರಿ, ಅಲ್ಲಿತನ ನಮ್ಮ ಅಳಿಯಾರ ಮಂದಿ ಎಷ್ಟು ಬಿಡಸ್ತದ ನೋಡೂಣು ಅಂದಾಳ.”

ಹನ್ನೆರಡು ಹೆಂಗಸರು ಹೊಲಕ್ಕೆ ಇಳಿದರು. ಅವರ ಕೈಗಳು ಎಲ್ಲಿ ಹೋಗುತ್ತವೆ, ಎಲ್ಲಿ ಬರುತ್ತವೆ ಎಂದು ನಮಗೆ ತಿಳಿಯಲೇ ಇಲ್ಲ. ನಾವು ಮುಗಿಸಿದ ಸಾಲುಗಳನ್ನೂ ಮತ್ತೊಮ್ಮೆ ಬಿಡಿಸಿದರು. ಮೊದಲ ಹನಿ ಬೀಳುವ ಹೊತ್ತಿಗೆ ಕಟ್ಟಕಡೆಯ ಚೀಲ ಟ್ರ್ಯಾಕ್ಟರಿನ ಮೇಲೆ ತಾಡಪಾಲಿನ ಕೆಳಗಿತ್ತು. ನಾನು ಬೇವಿನ ಮರದ ಕೆಳಗೆ ಕುಸಿದು ಕೂತು ಯೋಚಿಸಿದೆ. ನಮ್ಮ ಸಾಫ್ಟ್‌ವೇರಿನವರೂ ಹೀಗೆಯೇ ಮಾಡುತ್ತಾರೆ. ಪುಕ್ಕಟೆ ಸೇವೆಗೆ ಬಂದ ಕಂಪ್ಯೂಟರನ್ನು ಅವರು ನಂಬುವುದಿಲ್ಲ. ಒಂದೇ ತುಂಡನ್ನು ಇಬ್ಬರಿಗೆ ಕೊಟ್ಟು ಎರಡೂ ಉತ್ತರ ತಾಳೆ ಹಾಕುತ್ತಾರೆ. ನನ್ನ ಅತ್ತೆ ಈ ಪದ್ಧತಿಯನ್ನು ಯಾವ ಕಂಪ್ಯೂಟರನ್ನೂ ಮುಟ್ಟದೆ ನಡೆಸುತ್ತಿದ್ದರು.

ಹನಿ ಜೋರಾಗುವ ಮುಂಚೆಯೇ ಊಟ ಬಡಿಸುತ್ತ ಅವರು ಲೆಕ್ಕ ಒಪ್ಪಿಸಿದರು. “ಹತ್ತೂ ಮಂದಿ ಕೂಡಿ ಎರಡು ಆಳಿನ ಕೆಲಸ ಮಾಡೀರಿ. ಇನ್ನ ಎಂಟುನೂರಾ ತೊಂಬತ್ತೆಂಟು ಮುಯ್ಯಾಳು ಉಳಿತು. ಇರಲಿ ಬಿಡ್ರಿ, ಆ ವಿಜ್ಞಾನಿಗಳಿಗೆ ಅದು ನನ್ನ ದಾನ.” ನನ್ನ ರೊಟ್ಟಿಗೆ ಮತ್ತೆ ತುಪ್ಪ ಬಿತ್ತು. ಅಷ್ಟಕ್ಕೆ ಮುಗಿಯಿತೆಂದು ನಾನು ಎರಡನೆಯ ರೊಟ್ಟಿಗೆ ಕೈಹಾಕುವಾಗ, ಉಗುರಿನ ಮುಳ್ಳು ಕೀಳಿಸಿಕೊಳ್ಳುತ್ತಿದ್ದ ಪ್ರಿನ್ಸಿಪಾಲರು ಅತ್ತೆಯವರನ್ನು ಮೆಲ್ಲಗೆ ಕೇಳಿದರು: “ಅವ್ವಾ, ಈ ಮುಯ್ಯಾಳಂದ್ರ ಏನು ಪದ್ಧತಿ?”

ಅತ್ತೆಯವರು ವಿವರವಾಗಿ ಹೇಳಿದರು. ಒಂಬತ್ತು ಮುಖಗಳ ಮೇಲೆ ‘ಓಹೋ’ ಮೂಡಿತು.

ಈಗ ಹಂಡ, ಕೆಂದ ಎರಡನ್ನೂ ನಿಲ್ಲಿಸಿದ್ದೇನೆ. ಅವುಗಳನ್ನು ದಿನಾ ನೋಡಿಕೊಳ್ಳಲು ನನಗೆ ಪುರಸೊತ್ತಿಲ್ಲ, ಒಂಬತ್ತು ಜನರ ಮುಯ್ಯಿ ತೀರಿಸಬೇಕಾಗಿದೆ. ಪ್ರಿನ್ಸಿಪಾಲರ ಮನೆಯ ನೀರಿನ ಟ್ಯಾಂಕು ತೊಳೆದಾಯಿತು. ಇಂಗ್ಲಿಷಿನ ಮೇಡಮ್ಮಿನ ಪರೀಕ್ಷಾ ಡ್ಯೂಟಿ ಮಾಡಿಕೊಟ್ಟೆ. ಹೋದ ಭಾನುವಾರ ಖಾದರ್ ಸಾಹೇಬರ ಮನೆಯ ಕಾಂಪೌಂಡಿಗೆ ಮುಂಜಾನೆಯಿಂದ ಸಂಜೆಯವರೆಗೆ ಸುಣ್ಣ ಹೊಡೆದೆ. ಸಂಜೆ ಅವರ ಮನೆಯವರು ಹೊರಗೆ ಬಂದು, ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ತಿರುಗಿ ಒಳಗೆ ಹೋದರು. ಮರುದಿನ ಬಸ್ಸಿನಲ್ಲಿ ಖಾದರ್ ಸಾಹೇಬರು ಬಹಳ ಪ್ರೀತಿಯಿಂದ ನನ್ನ ಪಕ್ಕದಲ್ಲೇ ಕೂತು ಹೇಳಿದರು: “ಅದು ಲೆಕ್ಕಕ್ಕ ಬರಲಿಲ್ಲ ಸಾಬ್. ಬರೋ ಐತಾರ ಮತ್ತ ಬರ್ರಿ.”